ಕುರಿದಡ್ಡಿಯ ಬಾಗಿಲಲ್ಲೇ ರೋಗ ಗುರುತಿಸಿ

ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಕುಂದಗೋಳ ತಾಲ್ಲೂಕಿನ ಎರೆಸೀಮೆಯಲ್ಲಿ ಕುರಿಹಿಂಡುಗಳ ಓಡಾಟ ಶುರುವಾಗುತ್ತದೆ. ಗುಡಗೇರಿ, ಸಂಶಿ ಸುತ್ತಿನ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಒಂದು ಹೊಲದಲ್ಲಿ ಕೆಲವು ರಾತ್ರಿ ತಂಗಿದ ಹಿಂಡು ಮುಂದಿನ ಹೊಲಕ್ಕೆ, ಮುಂದಿನ ಊರಿಗೆ ನಡೆಯುತ್ತದೆ. ಊರಿನ ಆಡು, ಆಕಳು, ಎಮ್ಮೆ, ಎತ್ತುಗಳೂ ಅದೇ ಹಳ್ಳದ ನೀರು ಕುಡಿಯುತ್ತವೆ, ಅದೇ ಬದುವಿನ ಹುಲ್ಲು ಮೇಯುತ್ತವೆ. ಭೂಮಿಗೆ ಸತ್ವ ಕೊಡುವ ಈ ಒಳ್ಳೆಯ ಪದ್ಧತಿಯ ಜೊತೆಯಲ್ಲೇ ರೋಗವೂ ಹಿಂಡಿನಿಂದ ಹಿಂಡಿಗೆ ದಾಟುತ್ತದೆ.

ಆಡು-ಕುರಿಗಳ ಬಹುಪಾಲು ರೋಗಗಳಿಗೆ ಒಂದು ಕಾಲವಿದೆ, ಒಂದು ವಯಸ್ಸಿದೆ, ಒಂದು ದಾರಿಯಿದೆ. ಯಾವ ರೋಗ ಯಾವ ಮಳೆಗೆ ಬರುತ್ತದೆ, ಎಳೆಯ ಮರಿಗೆ ಏನು ತಗಲುತ್ತದೆ, ಕೊಬ್ಬಿದ ಟಗರನ್ನು ಯಾವುದು ರಾತ್ರೋರಾತ್ರಿ ಕೊಲ್ಲುತ್ತದೆ ಎಂಬುದು ಗೊತ್ತಿರುವ ಸಂಗತಿಯೇ. ಹಾಗಾಗಿ ಇವುಗಳನ್ನು ತಡೆಯಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಎರಡು: ದಿನವೂ ಬೆಳಿಗ್ಗೆ ಹಿಂಡನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಮತ್ತು ಮಳೆ ಬೀಳುವ ಮೊದಲೇ ಲಸಿಕೆ ಹಾಕಿಸುವ ಶಿಸ್ತು. ಉಳಿದದ್ದೆಲ್ಲ ಇವೆರಡರ ನಂತರ.

ಬೆಳಗಿನ ತಪಾಸಣೆ

ದಡ್ಡಿಯ ಬಾಗಿಲನ್ನು ಒಮ್ಮೆಲೇ ಪೂರ್ತಿ ತೆರೆಯಬೇಡಿ. ಒಂದೊಂದೇ ಕುರಿ ಹೊರಬರುವಷ್ಟು ಸಂದಿ ಬಿಟ್ಟು ಪಕ್ಕದಲ್ಲಿ ನಿಲ್ಲಿ. ಕೊನೆಗೆ ಏಳುವ ಕುರಿ, ಹಿಂದೆ ಉಳಿಯುವ ಆಡು, ತಲೆ ತಗ್ಗಿಸಿ ನಿಂತ ಮರಿ ಯಾವುದೆಂದು ಆಗಲೇ ಗೊತ್ತಾಗುತ್ತದೆ. ಮೂಗು ಸೋರುತ್ತಿದೆಯೇ, ಕಣ್ಣಲ್ಲಿ ಪಿಸುರು ಕಟ್ಟಿದೆಯೇ, ಬಾಲದ ಕೆಳಗೆ ಉಣ್ಣೆ ಒದ್ದೆಯಾಗಿದೆಯೇ, ಹಿಕ್ಕೆ ಗಟ್ಟಿಯಾಗಿದೆಯೇ, ಕುಂಟು ಇದೆಯೇ ಎಂದು ನೋಡಿ. ಮೇಯ್ದು ಬಂದು ಮಲಗಿದಾಗ ಮೆಲುಕು ಹಾಕದ ಪ್ರಾಣಿಗೆ ಏನೋ ತೊಂದರೆಯಿದೆ ಎಂದೇ ತಿಳಿಯಿರಿ.

ಸಂಶಯ ಬಂದ ಪ್ರಾಣಿಯ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಆಡು-ಕುರಿಗಳ ಸಹಜ ಉಷ್ಣತೆ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇರುತ್ತದೆ. ಆಕಳು, ಎಮ್ಮೆಗಳಲ್ಲಿ ಸುಮಾರು 101ರಿಂದ 102.5. ಬಿಸಿಲಲ್ಲಿ ನಡೆದು ಬಂದ ಪ್ರಾಣಿಯ ಮೈ ಸಹಜವಾಗಿಯೇ ತುಸು ಬಿಸಿ ಇರುವುದರಿಂದ ತಂಪು ಹೊತ್ತಿನಲ್ಲಿ ಅಳೆಯಿರಿ. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರನ್ನೇ ಬಳಸಬಹುದು, ಆದರೆ ಅದನ್ನು ದಡ್ಡಿಗೆಂದೇ ಬೇರೆ ಇಡಬೇಕು.

ಕೆಳಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ ಒಳಗಿನ ಬಣ್ಣವನ್ನೂ ನೋಡಿ. ಕೆಂಪಾಗಿದ್ದರೆ ರಕ್ತ ಚೆನ್ನಾಗಿದೆ. ತಿಳಿಗುಲಾಬಿಯಾಗಿದ್ದರೆ ಎಚ್ಚರ ಬೇಕು. ಸುಣ್ಣದಂತೆ ಬೆಳ್ಳಗಾಗಿದ್ದರೆ ಹೊಟ್ಟೆಯ ಹುಳುಗಳು ರಕ್ತ ಹೀರಿವೆ ಎಂಬ ಅನುಮಾನ ಬಲವಾಗುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಇಡೀ ಹಿಂಡಿಗೆ ಮಾಡಿ.

ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತರೆ

ಲಕ್ಷಣ ತೋರಿಸದೆ ಕೊಲ್ಲುವ ರೋಗಗಳೇ ಕುರಿಗಾರರನ್ನು ಹೆಚ್ಚು ಕಂಗೆಡಿಸುತ್ತವೆ. ಅವುಗಳಲ್ಲಿ ಮೊದಲನೆಯದು ಕರುಳು ಬೇನೆ. ಇದನ್ನು ತರುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಾಣು ಆರೋಗ್ಯವಂತ ಕುರಿಯ ಕರುಳಿನಲ್ಲೂ ಇರುತ್ತದೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಹೊಟ್ಟೆ ತುಂಬ ಮೇಯ್ದಾಗ, ಇಲ್ಲವೇ ಕಟಾವಾದ ಹೊಲದಲ್ಲಿ ಉದುರಿದ ಕಾಳನ್ನು ತಿಂದಾಗ ಅದು ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತದೆ. ಹಿಂಡಿನಲ್ಲಿ ದಷ್ಟಪುಷ್ಟವಾದ ಮರಿಗಳೇ ಮೊದಲು ಸಾಯುತ್ತವೆ. ಸಾಯುವ ಮುನ್ನ ಕೆಲವು ಕುರಿಗಳು ತಲೆಯನ್ನು ಹಿಂದಕ್ಕೆ ಸೆಳೆದು ಕಾಲು ಬಡಿಯುತ್ತವೆ, ಕೆಲವು ಭೇದಿ ಮಾಡುತ್ತವೆ. ಲಕ್ಷಣ ಕಂಡ ಮೇಲೆ ಚಿಕಿತ್ಸೆಗೆ ಸಮಯ ಸಿಗುವುದೇ ಕಡಿಮೆ. ಲಸಿಕೆಯೇ ದಾರಿ. ಜೊತೆಗೆ, ಹೊಸ ಹಸಿರಿಗೆ ಬಿಡುವ ಮುನ್ನ ಬೆಳಿಗ್ಗೆ ಒಂದಿಷ್ಟು ಒಣ ಕಣಿಕೆ ಅಥವಾ ಹೊಟ್ಟು ತಿನ್ನಿಸಿ. ಹಸಿರು ಮೇವಿನ ಅವಧಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಎರಡನೆಯದು ಗಳಲೆ ರೋಗ, ಅಂದರೆ ಗಂಟಲು ಬೇನೆ. ಎಮ್ಮೆಗಳಿಗೆ ಇದು ಹೆಚ್ಚು ಮಾರಕ, ಆಕಳು-ಕುರಿಗಳನ್ನೂ ಬಿಡುವುದಿಲ್ಲ. ಮಳೆಗಾಲದ ಆರಂಭದಲ್ಲಿ ತೀವ್ರ ಜ್ವರ, ಗಂಟಲಲ್ಲಿ ಬಾವು, ಗೊರಗೊರ ಸದ್ದಿನ ಉಸಿರಾಟ, ಜೊಲ್ಲು ಕಾಣುತ್ತವೆ. ಮೊದಲ ಕೆಲವು ಗಂಟೆಗಳಲ್ಲೇ ವೈದ್ಯರು ಸೂಕ್ತ ಆಂಟಿಬಯೋಟಿಕ್ ಕೊಟ್ಟರೆ ಉಳಿಸಿಕೊಳ್ಳಬಹುದು.

ಚಪ್ಪೆ ರೋಗ ಬರುವುದು ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದ, ಮೈ ತುಂಬಿಕೊಂಡ ದನಗಳಿಗೆ. ತೊಡೆ ಅಥವಾ ಭುಜದ ಮಾಂಸಖಂಡ ಊದಿ ಪ್ರಾಣಿ ಕುಂಟುತ್ತದೆ. ಊದಿದ ಜಾಗ ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದಾಗುತ್ತದೆ. ಇದರ ಸೂಕ್ಷ್ಮಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ.

ನೆರಡಿ ರೋಗದ ಹೆಸರು ಕೇಳಿದರೆ ಹಿರಿಯ ಕುರಿಗಾರರು ಇಂದಿಗೂ ಹೆದರುತ್ತಾರೆ, ಆ ಹೆದರಿಕೆ ಸರಿಯಾದದ್ದೇ. ಪ್ರಾಣಿ ದಿಢೀರನೆ ಬಿದ್ದು ಸಾಯುತ್ತದೆ. ಮೂಗು, ಬಾಯಿ, ಗುದದಿಂದ ಕಪ್ಪಾದ, ಹೆಪ್ಪುಗಟ್ಟದ ರಕ್ತ ಸೋರುತ್ತದೆ. ಹೊಟ್ಟೆ ಬೇಗ ಉಬ್ಬುತ್ತದೆ, ಮೈ ಸರಿಯಾಗಿ ಸೆಟೆಯುವುದಿಲ್ಲ. ಇಂಥ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಬಾರದು. ಕೊಯ್ದಾಗ ಗಾಳಿ ತಾಗಿದ ಸೂಕ್ಷ್ಮಾಣು ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಡುತ್ತದೆ. ಸುಣ್ಣದ ಅಂಶವಿರುವ ಕ್ಷಾರ ಮಣ್ಣಿನಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ, ನಮ್ಮ ಎರೆಮಣ್ಣು ಬಹುಪಾಲು ಅಂಥದ್ದೇ. ಇದು ಮನುಷ್ಯರಿಗೂ ತಗಲುವ ರೋಗ. ಕೈಯ ಮೇಲೆ ನೋವಿಲ್ಲದ ಕಪ್ಪು ಹಕ್ಕಳೆಯ ಹುಣ್ಣಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸತ್ತ ಕುರಿಯನ್ನು ಮುಟ್ಟಿದ ವಿಷಯವನ್ನು ವೈದ್ಯರಿಗೆ ತಿಳಿಸಿ. ಹೆಣವನ್ನು ನಾಯಿ, ಹದ್ದುಗಳು ಮುಟ್ಟದಂತೆ ಕಾದು ಪಶುವೈದ್ಯರಿಗೆ ಹೇಳಿಕಳಿಸಿ. ಅವರು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿ, ಸುಡಬೇಕೋ ಹೂಳಬೇಕೋ ಎಂದು ತಿಳಿಸುತ್ತಾರೆ.

ಬಾಯಿ, ಮೂಗು, ಕಾಲು: ನಾಲ್ಕು ರೋಗಗಳ ಗೊಂದಲ

ಬಾಯಲ್ಲಿ ಹುಣ್ಣು, ಮೂಗಿನಲ್ಲಿ ಸಿಂಬಳ, ಕಾಲಲ್ಲಿ ಕುಂಟು ಕಂಡರೆ ಎಲ್ಲವನ್ನೂ ಕಾಲುಬಾಯಿ ಬೇನೆ ಎನ್ನುವ ರೂಢಿಯಿದೆ. ಆದರೆ ಇಲ್ಲಿ ಬೇರೆ ಬೇರೆ ರೋಗಗಳಿವೆ, ಅವುಗಳನ್ನು ತಡೆಯುವ ಬಗೆಯೂ ಬೇರೆ.

ಪಿಪಿಆರ್ ಎಂಬ ಆಡುಗಳ ಪ್ಲೇಗ್ ಆಡು-ಕುರಿಗಳ ರೋಗ. ಮೊದಲು ಜೋರು ಜ್ವರ, ಬಳಿಕ ಕಣ್ಣು-ಮೂಗಿನಿಂದ ನೀರು, ಅದು ಗಟ್ಟಿಯಾಗಿ ಮೂಗಿನ ಹೊಳ್ಳೆಗೆ ಅಂಟಿಕೊಳ್ಳುವ ಸಿಂಬಳ. ವಸಡು, ತುಟಿಯ ಒಳಗೆ ಬೂದುಬಣ್ಣದ ಹುಣ್ಣು, ಬಾಯಿಯಿಂದ ಕೆಟ್ಟ ವಾಸನೆ, ನಂತರ ನೀರಿನಂತಹ ಭೇದಿ ಮತ್ತು ಕೆಮ್ಮು. ಮರಿಗಳು, ಅದರಲ್ಲೂ ಆಡಿನ ಮರಿಗಳು ಹೆಚ್ಚು ಸಾಯುತ್ತವೆ. ಕಾಲಲ್ಲಿ ಹುಣ್ಣು ಇರುವುದಿಲ್ಲ, ಗುರುತಿಸಲು ಇದೇ ಮುಖ್ಯ ಸುಳಿವು.

ಕಾಲುಬಾಯಿ ಬೇನೆಯಲ್ಲಿ ದನ-ಎಮ್ಮೆಗಳ ಬಾಯಿಯಿಂದ ದಾರದಂತೆ ಜೊಲ್ಲು ಇಳಿಯುತ್ತದೆ. ನಾಲಿಗೆ, ವಸಡು, ಗೊರಸಿನ ಸಂದು, ಕೆಚ್ಚಲಿನ ತೊಟ್ಟುಗಳಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ. ದೊಡ್ಡ ಆಡು-ಕುರಿಗಳಲ್ಲಿ ಬರೀ ಕುಂಟಷ್ಟೇ ಕಂಡು ಮಾಯವಾಗಬಹುದು, ಆದರೆ ಅವುಗಳಿಂದ ಪಕ್ಕದ ಎತ್ತು-ಎಮ್ಮೆಗಳಿಗೆ ರೋಗ ದಾಟುತ್ತದೆ. ಎಳೆಯ ಕರು-ಮರಿಗಳಲ್ಲಿ ಹೃದಯಕ್ಕೆ ತಗಲಿ ತಟ್ಟನೆ ಸಾವು ತರುತ್ತದೆ.

ನೀಲಿ ನಾಲಿಗೆ ರೋಗ ಮುಖ್ಯವಾಗಿ ಕುರಿಗಳದ್ದು. ಮಳೆಗಾಲದ ಕೊನೆಯಿಂದ ಚಳಿ ಬೀಳುವವರೆಗೆ, ದಸರಾ-ದೀಪಾವಳಿ ಸುಮಾರಿಗೆ ಹೆಚ್ಚು. ಮುಖ, ತುಟಿ, ಕಿವಿ ಊದಿಕೊಳ್ಳುತ್ತವೆ. ನಾಲಿಗೆ ಬಾತು ಕೆಲವೊಮ್ಮೆ ನೀಲಿಗಟ್ಟುತ್ತದೆ. ಗೊರಸಿನ ಮೇಲಂಚಿನಲ್ಲಿ ಕೆಂಪು ಪಟ್ಟಿ ಮೂಡಿ ಕುರಿ ಮೊಣಕಾಲೂರಿ ತೆವಳುತ್ತದೆ. ಇದು ಕುರಿಯಿಂದ ಕುರಿಗೆ ನೇರವಾಗಿ ಹರಡುವುದಿಲ್ಲ. ಸಗಣಿ ಬೆರೆತ ಕೆಸರಿನಲ್ಲಿ ಹುಟ್ಟುವ, ಸೊಳ್ಳೆಗಿಂತ ಸಣ್ಣದಾದ ಕಚ್ಚುವ ನೊಣಗಳು ಸಂಜೆಯಿಂದ ಬೆಳಗಿನವರೆಗೆ ಇದನ್ನು ಹರಡುತ್ತವೆ. ದಡ್ಡಿಯ ಸುತ್ತ ನೀರು ನಿಲ್ಲದಂತೆ ಕಾಲುವೆ ತೆಗೆಯುವುದು, ಮುಸ್ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು, ರಾತ್ರಿ ಹಳ್ಳದ ದಂಡೆ ಬಿಟ್ಟು ದಿಬ್ಬದ ಮೇಲೆ ತರುಬುವುದು ಉಪಯುಕ್ತ.

ಗೊರಸು ಕೊಳೆ ಎರೆಸೀಮೆಯ ಮಳೆಗಾಲದ ನಿತ್ಯದ ಗೋಳು. ಅಂಟು ಮಣ್ಣು ಗೊರಸಿನ ಸಂದಿಯಲ್ಲಿ ಮೆತ್ತಿ ಚರ್ಮ ಮೆದುವಾಗಿ, ಸೂಕ್ಷ್ಮಾಣು ಒಳಹೊಕ್ಕು ಗೊರಸು ಕೊಳೆಯುತ್ತದೆ. ಕೆಟ್ಟ ವಾಸನೆಯೇ ಇದರ ಗುರುತು, ಬಾಯಲ್ಲಿ ಏನೂ ಇರುವುದಿಲ್ಲ. ಬೆಳೆದ ಗೊರಸನ್ನು ಮಳೆಗೆ ಮೊದಲೇ ಕತ್ತರಿಸಿ ಸಮಮಾಡಿ. 10 ಲೀಟರ್ ನೀರಿಗೆ 1 ಕಿಲೋ ಸತುವಿನ ಸಲ್ಫೇಟ್ ಕರಗಿಸಿ, ಅಗಲದ ತೊಟ್ಟಿಯಲ್ಲಿ ಹಾಕಿ ಕುರಿಗಳನ್ನು ಕೆಲವು ನಿಮಿಷ ನಿಲ್ಲಿಸಿ. ಮೈಲುತುತ್ತ ಬಳಸುವುದಾದರೆ ಕುರಿಗಳು ಅದನ್ನು ಕುಡಿಯದಂತೆ ಕಾಯಬೇಕು, ತಾಮ್ರದ ವಿಷ ಕುರಿಗೆ ಬೇಗ ಏರುತ್ತದೆ.

ಚರ್ಮದ ಮೇಲೆ ಕಾಣುವ ರೋಗಗಳು

ಕುರಿ ಸಿಡುಬಿನಲ್ಲಿ ಜ್ವರದ ನಂತರ ಉಣ್ಣೆಯಿಲ್ಲದ ಕಡೆ, ಅಂದರೆ ಮುಖ, ಕಂಕುಳು, ಬಾಲದ ಕೆಳಗೆ ಗುಳ್ಳೆಗಳೇಳುತ್ತವೆ. ಮರಿಗಳಲ್ಲಿ ಶ್ವಾಸಕೋಶಕ್ಕೂ ಇಳಿದು ಸಾವು ತರುತ್ತದೆ. ಮರಿಗಳ ತುಟಿಯ ಅಂಚಿನಲ್ಲಷ್ಟೇ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಬೇರೆ ವೈರಸ್ಸಿನ ಮೂತಿಹುಣ್ಣು. ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ, ಆದರೆ ಮುಟ್ಟಿದವರ ಕೈಗೂ ಹತ್ತುತ್ತದೆ. ಕೈಗವಸು ಹಾಕಿ ತೊಳೆಯಿರಿ, ಹಕ್ಕಳೆಯನ್ನು ಕಿತ್ತುಹಾಕಬೇಡಿ.

ದನಗಳ ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ದೇಶದ ಅನೇಕ ರಾಜ್ಯಗಳ ಜೊತೆ ಕರ್ನಾಟಕದಲ್ಲೂ ಸಾವಿರಾರು ದನಗಳನ್ನು ಬಲಿತೆಗೆದುಕೊಂಡಿತು. ಮೈತುಂಬ ಗುಂಡನೆಯ ಗಂಟು, ಕಾಲು-ಎದೆಯಲ್ಲಿ ಬಾವು, ಜ್ವರ ಇದರ ಲಕ್ಷಣಗಳು. ನೊಣ, ಸೊಳ್ಳೆ, ಉಣ್ಣಿಗಳ ಮೂಲಕ ಹರಡುತ್ತದೆ. ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ರಕ್ಷಣೆಗಾಗಿ ಹಾಕಲಾಗುತ್ತದೆ. ಗಂಟು ಎದ್ದ ದನವನ್ನು ಪ್ರತ್ಯೇಕ ಕಟ್ಟಿ, ಒಡೆದ ಗಾಯಕ್ಕೆ ನೊಣ ಕೂರದಂತೆ ಬೇವಿನೆಣ್ಣೆ ಹಚ್ಚಿ, ಮೇವು-ನೀರನ್ನು ಬಾಯಿಯ ಬಳಿಗೇ ಒಯ್ದು ಕೊಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ.

ಕಣ್ಣಿಗೆ ಕಾಣದ ಕಳ್ಳರು: ಹೊಟ್ಟೆಯ ಹುಳುಗಳು

ಮೇಯುತ್ತದೆ, ಆದರೆ ಮೈ ಹತ್ತುವುದಿಲ್ಲ. ಉಣ್ಣೆ ಉದುರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿದಿದೆ. ಇಂಥ ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ದುಂಡುಹುಳು ಅಥವಾ ಪಿತ್ತಜನಕಾಂಗದ ಚಪ್ಪಟೆ ಹುಳು ಇರುವ ಸಾಧ್ಯತೆ ಹೆಚ್ಚು. ಚಪ್ಪಟೆ ಹುಳುವಿನ ಮರಿಗಳು ನಿಂತ ನೀರಿನ ಬಸವನಹುಳುಗಳಲ್ಲಿ ಬೆಳೆದು ದಡದ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಬೆಣ್ಣೆಹಳ್ಳದಂಥ ಹಳ್ಳಗಳ ಮಡು, ಕೆರೆಯಂಚು, ಕಾಲುವೆಯ ಜೌಗು ಇವುಗಳ ತವರು. ಅಲ್ಲಿ ಮೇಯಿಸುವುದನ್ನು ಕಡಿಮೆ ಮಾಡಿ, ನೀರನ್ನು ತೊಟ್ಟಿಯಲ್ಲಿ ಕುಡಿಸಿ.

ಜಂತು ಔಷಧಿಯನ್ನು ತೂಕಕ್ಕೆ ತಕ್ಕಂತೆ ಕೊಡಬೇಕು. ಅಂದಾಜಿನಲ್ಲಿ ಕಡಿಮೆ ಕೊಟ್ಟರೆ ಗಟ್ಟಿ ಹುಳುಗಳು ಉಳಿದು, ಅವುಗಳ ಸಂತತಿಗೆ ಆ ಔಷಧಿ ನಾಟದೆ ಹೋಗುತ್ತದೆ. ತೂಕದ ತಕ್ಕಡಿ ಇಲ್ಲದಿದ್ದರೆ ಹಿಂಡಿನ ದೊಡ್ಡ ಕುರಿಯ ತೂಕಕ್ಕೆ ಲೆಕ್ಕ ಹಾಕಿ. ದುಂಡುಹುಳು, ಚಪ್ಪಟೆ ಹುಳು, ಲಾಡಿಹುಳುಗಳಿಗೆ ಒಂದೇ ಔಷಧಿ ಸಾಲದಿರಬಹುದು. ಒಂದು ಹಿಡಿ ಹೊಸ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದರೆ ಯಾವ ಹುಳು, ಯಾವ ಔಷಧಿ ಎಂಬುದು ಸ್ಪಷ್ಟವಾಗುತ್ತದೆ. ಆಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು, ಭ್ರೂಣಕ್ಕೆ ಹಾನಿಯಾಗುತ್ತದೆ.

ಮೇವೇ ವಿಷವಾದಾಗ

ಜೋಳದ ಸೀಮೆಯಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಅಪಾಯವೊಂದಿದೆ. ಮೊಣಕಾಲೆತ್ತರಕ್ಕೂ ಬಾರದ ಎಳೆ ಜೋಳ, ಮಳೆಯಿಲ್ಲದೆ ಮುರುಟಿದ ಜೋಳ, ಕೊಯ್ದ ಕೂಳೆಯಿಂದ ಮತ್ತೆ ಒಡೆದ ಚಿಗುರು, ಇವುಗಳಲ್ಲಿ ಸಯನೈಡ್ ವಿಷದ ಅಂಶ ಹೆಚ್ಚಿರುತ್ತದೆ. ಹಸಿದ ಪ್ರಾಣಿ ಅದನ್ನು ತಿಂದರೆ ಕೆಲವೇ ನಿಮಿಷಗಳಲ್ಲಿ ಏದುಸಿರು, ನಡುಕ, ನೊರೆ ಕಂಡು ಕುಸಿಯುತ್ತದೆ. ಬಾಯಿಯ ಒಳಭಾಗ ಕಡುಗೆಂಪಾಗಿ ಕಾಣುತ್ತದೆ. ಕೂಡಲೇ ಉಳಿದ ಪ್ರಾಣಿಗಳನ್ನು ಹೊಲದಿಂದ ಹೊರಗೆ ಅಟ್ಟಿ ವೈದ್ಯರನ್ನು ಕರೆಯಿರಿ. ಸೋಡಿಯಂ ಥಯೋಸಲ್ಫೇಟ್ ಮೊದಲಾದ ಮದ್ದನ್ನು ರಕ್ತನಾಳಕ್ಕೆ ಕೊಟ್ಟರೆ ಬದುಕಿಸಿಕೊಳ್ಳಬಹುದು, ಆದರೆ ತಡವಾಗಬಾರದು. ಹೂವಾಡಿದ ಜೋಳ, ಚೆನ್ನಾಗಿ ಒಣಗಿದ ಕಣಿಕೆ ಸುರಕ್ಷಿತ.

ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸಿದ ಬಳಿಕ ಬದುವಿನ ಹುಲ್ಲೂ ವಿಷವೇ. ವಿಪರೀತ ಜೊಲ್ಲು, ಕಣ್ಣೀರು, ಮಾಂಸಖಂಡಗಳ ಅದುರು ಕಂಡರೆ ಸಿಂಪಡಿಸಿದ ಔಷಧಿಯ ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ. ಹೊಲದ ಮಾಲೀಕರು ಸಿಂಪಡಣೆಯ ದಿನವನ್ನು ಕುರಿಗಾರರಿಗೆ ಮೊದಲೇ ತಿಳಿಸುವ ಪದ್ಧತಿ ಊರಲ್ಲಿ ಬೆಳೆಯಬೇಕು.

ಉದುರಿದ ಗೋವಿನಜೋಳ, ಜೋಳದ ಕಾಳು ಅತಿಯಾಗಿ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಪ್ರಾಣಿ ತೂರಾಡುತ್ತದೆ. ವೈದ್ಯರು ಬರುವವರೆಗೆ ಮಧ್ಯಮ ಗಾತ್ರದ ಕುರಿಗೆ 15ರಿಂದ 20 ಗ್ರಾಂ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಕುಡಿಸಬಹುದು. ಇಬ್ಬನಿಯಲ್ಲಿ ನೆನೆದ ದ್ವಿದಳ ಮೇವು ತಿಂದು ಎಡಹೊಟ್ಟೆ ನಗಾರಿಯಂತೆ ಉಬ್ಬಿದರೆ ಆಡು-ಕುರಿಗೆ 50ರಿಂದ 100 ಮಿಲಿ, ದನಕ್ಕೆ 250ರಿಂದ 500 ಮಿಲಿ ಶೇಂಗಾ ಎಣ್ಣೆ ಕುಡಿಸಿ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ ನಡೆದಾಡಿಸಿ. ಉಸಿರು ಕಟ್ಟುತ್ತಿದ್ದರೆ ವೈದ್ಯರಿಗಾಗಿ ತುರ್ತು ಕರೆ ಮಾಡಿ.

ಮರಿ ಉಳಿದರೆ ಹಿಂಡು ಉಳಿದಂತೆ

ಹುಟ್ಟಿದ ಮೊದಲ ಗಂಟೆಯೊಳಗೆ ಮರಿಗೆ ಗಿಣ್ಣದ ಹಾಲು ಕುಡಿಸಬೇಕು. ತಾಯಿಗೆ ಹಾಕಿಸಿದ ಲಸಿಕೆಯ ರಕ್ಷಣೆ ಮರಿಗೆ ಸಿಗುವುದು ಆ ಹಾಲಿನಿಂದಲೇ. ಹೊತ್ತು ಕಳೆದಂತೆ ಕರುಳು ಅದನ್ನು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಮೊದಲ ದಿನದಲ್ಲಿ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣ ಒಳಗೆ ಹೋಗಬೇಕು, ಅಂದರೆ 2 ಕಿಲೋ ಮರಿಗೆ ಸುಮಾರು 200 ಮಿಲಿ, ನಾಲ್ಕೈದು ಸಲವಾಗಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಅದ್ದಿ. ಒಂದರಿಂದ ನಾಲ್ಕು ತಿಂಗಳ ಮರಿಗಳಲ್ಲಿ ರಕ್ತ ಬೆರೆತ ಭೇದಿ ಕಂಡರೆ ಅದು ಕಾಕ್ಸಿಡಿಯಾ ಇರಬಹುದು. ಇಕ್ಕಟ್ಟಾದ, ಒದ್ದೆ ನೆಲದ ದಡ್ಡಿ ಇದರ ಮೂಲ, ಜಂತು ಔಷಧಿಯಿಂದ ಇದು ಹೋಗುವುದಿಲ್ಲ. ಚಳಿಗಾಳಿ ಬೀಸುವ ರಾತ್ರಿಗಳಲ್ಲಿ ಮರಿಗಳನ್ನು ಬುಟ್ಟಿಯಡಿ ಅಥವಾ ಗೋಣಿತಾಟಿನ ಮರೆಯಲ್ಲಿ ಬೆಚ್ಚಗೆ ಇಟ್ಟರೆ ನ್ಯುಮೋನಿಯಾ ತಪ್ಪುತ್ತದೆ.

ಮನೆಯ ಆರೈಕೆ ಎಲ್ಲಿಯವರೆಗೆ

ಭೇದಿಯಾದ ಮರಿಗೆ ಮೊದಲ ಮದ್ದು ನೀರು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಸಿ. ಬಾಯಿಹುಣ್ಣನ್ನು ತಿಳಿಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ನೀರಿನಲ್ಲಿ ತೊಳೆದು ಬೋರೋಗ್ಲಿಸರಿನ್ ಹಚ್ಚಿ. ರಾಗಿ ಅಥವಾ ಜೋಳದ ತೆಳು ಗಂಜಿ ಕೊಡಿ. ಔಷಧಿ ಕುಡಿಸುವಾಗ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತಬೇಡಿ, ನಾಲಿಗೆ ಎಳೆಯಬೇಡಿ. ಶ್ವಾಸಕೋಶಕ್ಕೆ ಇಳಿದ ಔಷಧಿಯಿಂದಲೇ ಎಷ್ಟೋ ಪ್ರಾಣಿಗಳು ಸಾಯುತ್ತವೆ.

ಜ್ವರಕ್ಕೂ, ಹೊಟ್ಟೆಯುಬ್ಬರಕ್ಕೂ ಬರೆ ಹಾಕುವ ರೂಢಿಯನ್ನು ಬಿಡಬೇಕು. ಸುಟ್ಟ ಗಾಯ ನೋವನ್ನೂ ನೊಣಗಳನ್ನೂ ತರುತ್ತದೆಯೇ ಹೊರತು ಒಳಗಿನ ರೋಗಾಣುವನ್ನು ತಲುಪುವುದಿಲ್ಲ. ಅಂಗಡಿಯಿಂದ ಆಂಟಿಬಯೋಟಿಕ್ ತಂದು ಒಂದೇ ದಿನ ಚುಚ್ಚಿ ನಿಲ್ಲಿಸುವುದೂ ಹಾನಿಕರ. ಪಿಪಿಆರ್, ಕಾಲುಬಾಯಿ, ಸಿಡುಬು ವೈರಸ್ ರೋಗಗಳು. ಅವುಗಳಲ್ಲಿ ಆಂಟಿಬಯೋಟಿಕ್ ತಡೆಯುವುದು ಆಮೇಲೆ ಸೇರುವ ಸೋಂಕನ್ನು ಮಾತ್ರ, ಎಷ್ಟು ದಿನ ಕೊಡಬೇಕೆಂದು ವೈದ್ಯರೇ ಹೇಳಬೇಕು. ಔಷಧಿ ಕೊಟ್ಟ ಪ್ರಾಣಿಯ ಹಾಲು, ಮಾಂಸವನ್ನು ಎಷ್ಟು ದಿನ ಬಳಸಬಾರದೆಂದೂ ಕೇಳಿ ತಿಳಿಯಿರಿ.

ಎರೆಸೀಮೆಯ ಲಸಿಕೆ ಪಂಚಾಂಗ

ಜಂತು ಔಷಧಿ ಕೊಟ್ಟು ಒಂದೆರಡು ವಾರದ ನಂತರ ಲಸಿಕೆ ಹಾಕಿಸಿದರೆ ಅದು ಚೆನ್ನಾಗಿ ಹಿಡಿಯುತ್ತದೆ. ವರ್ಷದ ಕ್ರಮ ಹೀಗಿರಲಿ:

- ಯುಗಾದಿಯ ನಂತರ, ಏಪ್ರಿಲ್‌ನಲ್ಲಿ: ಇಡೀ ಹಿಂಡಿಗೆ ಜಂತು ಔಷಧಿ, ಗೊರಸು ಕತ್ತರಿಸುವುದು, ಉಣ್ಣಿ ನಿವಾರಣೆ.
- ರೋಹಿಣಿ ಮಳೆಗೆ ಮೊದಲು, ಮೇ ತಿಂಗಳಲ್ಲಿ: ಕರುಳು ಬೇನೆ ಲಸಿಕೆ. ಮೊದಲ ಸಲ ಹಾಕಿಸುವ ಮರಿಗಳಿಗೆ ಎರಡು-ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಕಡ್ಡಾಯ. ದನ-ಎಮ್ಮೆಗಳಿಗೆ ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ.
- ನಾಗರ ಪಂಚಮಿಯ ಸುಮಾರಿಗೆ, ಆಗಸ್ಟ್‌ನಲ್ಲಿ: ಕುರಿಗಳಿಗೆ ನೀಲಿ ನಾಲಿಗೆ ಲಸಿಕೆ.
- ದಸರಾ-ದೀಪಾವಳಿ ನಡುವೆ: ಮಳೆಗಾಲದ ಹುಳುಗಳಿಗೆ ಎರಡನೇ ಸಲ ಜಂತು ಔಷಧಿ.
- ಡಿಸೆಂಬರ್-ಜನವರಿಯಲ್ಲಿ: ಕುರಿ ಸಿಡುಬಿನ ಲಸಿಕೆ.
- ಪಿಪಿಆರ್: ಮರಿಗೆ ಮೂರು-ನಾಲ್ಕು ತಿಂಗಳಾದಾಗ 1 ಮಿಲಿ, ಚರ್ಮದಡಿ. ಒಮ್ಮೆ ಹಾಕಿಸಿದರೆ ಮೂರು ವರ್ಷ ರಕ್ಷಣೆ.
- ಕಾಲುಬಾಯಿ ಬೇನೆ: ದನ-ಎಮ್ಮೆಗಳಿಗೆ ನಾಲ್ಕು ತಿಂಗಳ ವಯಸ್ಸಿನಿಂದ, ಆರು ತಿಂಗಳಿಗೊಮ್ಮೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದು ಉಚಿತ.
- ಬ್ರುಸೆಲ್ಲಾ: ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ.
- ನೆರಡಿ: ಹಿಂದೆ ರೋಗ ಕಂಡ ಊರುಗಳಲ್ಲಿ ಮಾತ್ರ, ವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ.

ಲಸಿಕೆಯನ್ನು ಮಂಜುಗಡ್ಡೆಯಿಟ್ಟ ಡಬ್ಬಿಯಲ್ಲೇ ತರಬೇಕು, ಬಿಸಿಲೇರುವ ಮೊದಲೇ ಹಾಕಿಸಬೇಕು. ಜ್ವರವಿದ್ದ ಪ್ರಾಣಿಗೆ ಬೇಡ. ಹಿಂಡಿನ ಅರ್ಧಕ್ಕೆ ಹಾಕಿಸಿ ಅರ್ಧ ಬಿಟ್ಟರೆ ರೋಗಕ್ಕೆ ದಾರಿ ತೆರೆದೇ ಇರುತ್ತದೆ. ಆದ್ದರಿಂದ ನೆರೆಯ ಹಿಂಡುಗಳ ಜೊತೆ ಮಾತಾಡಿಕೊಂಡು ಒಂದೇ ವಾರದಲ್ಲಿ ಮುಗಿಸಿ.

ಲಸಿಕೆಯ ಬಲವನ್ನು ಅನುಮಾನಿಸುವವರಿಗೆ ದೊಡ್ಡ ರೋಗದ ಚರಿತ್ರೆ ಸಾಕು. ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಆ ದನಗಳ ಪ್ಲೇಗ್ ಊರೂರು ಅಲೆದು ಹಾಕಿದ ಲಸಿಕೆಯಿಂದ ಭಾರತದಿಂದ ತೊಲಗಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತು ಎಂದು ಘೋಷಣೆಯಾಯಿತು. ಪಿಪಿಆರ್ ಅದೇ ಕುಲದ ವೈರಸ್. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2030ರೊಳಗೆ ಅದನ್ನೂ ಇಲ್ಲವಾಗಿಸುವುದು ಜಾಗತಿಕ ಗುರಿ. ಆ ಗುರಿ ಮುಟ್ಟಬೇಕಾದರೆ ಗುಡಗೇರಿಯ ಪ್ರತಿ ಮರಿಗೂ ಆ ಒಂದು ಚುಚ್ಚುಮದ್ದು ಬೀಳಬೇಕು.

ಸಂತೆಯಿಂದ ಬಂದದ್ದು, ಸತ್ತುಬಿದ್ದದ್ದು

ಸಂತೆಯಿಂದ ತಂದ ಆಡು-ಕುರಿಯನ್ನು ಕನಿಷ್ಠ ಮೂರು ವಾರ ಬೇರೆ ಕಟ್ಟಿ. ಅದರ ಮೇವಿನ ಬುಟ್ಟಿ, ನೀರಿನ ಬಾನಿ ಬೇರೆಯೇ ಇರಲಿ. ಮೊದಲು ಆರೋಗ್ಯವಂತ ಹಿಂಡಿನ ಕೆಲಸ ಮುಗಿಸಿ ಆಮೇಲೆ ಹೊಸದರ ಬಳಿ ಹೋಗಿ. ಮಾರಾಟವಾಗದೆ ಸಂತೆಯಿಂದ ಮರಳಿದ ಸ್ವಂತ ಕುರಿಗೂ ಇದೇ ನಿಯಮ.

ರೋಗದಿಂದ ಸತ್ತದ್ದನ್ನು ಹಳ್ಳಕ್ಕೆ ಎಸೆದರೆ ಕೆಳಗಿನ ಊರಿಗೆ ರೋಗ ಕಳಿಸಿದಂತೆ. ನೀರಿನ ಮೂಲದಿಂದ ದೂರ, ಆರು ಅಡಿ ಆಳದಲ್ಲಿ ಹೂಳಿ.

ಕಂದು ಹಾಕಿದ ಆಡು-ಆಕಳಿನ ಮಾಸು, ಸತ್ತ ಭ್ರೂಣವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ಅದರಿಂದ ಮನುಷ್ಯರಿಗೆ ಬರುತ್ತದೆ. ಬಂದುಹೋಗುವ ಜ್ವರ, ಕೀಲುನೋವು, ಬೆವರು ವಾರಗಟ್ಟಲೆ ಕಾಡುತ್ತವೆ. ಬಸುರಿಯರನ್ನು ಈ ಕೆಲಸದಿಂದ ದೂರವಿಡಿ. ಹಾಲನ್ನು ಕಾಯಿಸಿಯೇ ಕುಡಿಯಿರಿ, ಆಡಿನ ಹಸಿ ಹಾಲು ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ ಅಪಾಯಕಾರಿ.

ಯಾರಿಗೆ ಹೇಳಬೇಕು

ಒಂದೇ ದಿನ ಎರಡು-ಮೂರು ಪ್ರಾಣಿ ಮಲಗಿದರೆ, ದಿಢೀರ್ ಸಾವಾದರೆ, ಬಾಯಲ್ಲಿ ಹುಣ್ಣು ಕಂಡರೆ, 105 ಡಿಗ್ರಿ ದಾಟಿದ ಜ್ವರವಿದ್ದರೆ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಇದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಎಷ್ಟು ಪ್ರಾಣಿಗೆ ಕಾಯಿಲೆ, ಯಾವ ವಯಸ್ಸಿನವು, ನಿನ್ನೆ ಎಲ್ಲಿ ಮೇಯ್ದವು, ಕೊನೆಯ ಲಸಿಕೆ ಯಾವಾಗ, ಈ ನಾಲ್ಕು ಮಾಹಿತಿ ಸಿದ್ಧವಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ವಲಸೆ ಹೋದ ಊರಿನಲ್ಲಿದ್ದರೂ ಅಲ್ಲಿನ ಪಶು ಆಸ್ಪತ್ರೆಯ ಸೇವೆ ಪಡೆಯಲು ಹಿಂಜರಿಯಬೇಡಿ. ಸಾವಾದಾಗ ವಿಮೆ ಅಥವಾ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರ ಕೇಳಲು ವೈದ್ಯರ ಪರೀಕ್ಷಾ ವರದಿ ಬೇಕಾಗುತ್ತದೆ, ಹೂಳುವ ಮುನ್ನವೇ ಅವರಿಗೆ ತಿಳಿಸಿ.

ಒಂದು ನೂರು ಪುಟದ ನೋಟ್‌ಬುಕ್ ತಂದು ದಡ್ಡಿಯಲ್ಲಿ ತೂಗುಹಾಕಿ. ಲಸಿಕೆಯ ದಿನ, ಜಂತು ಔಷಧಿಯ ಹೆಸರು, ಹುಟ್ಟಿದ ಮರಿ, ಸತ್ತ ಮರಿ, ಸಾವಿನ ಲಕ್ಷಣ ಬರೆಯುತ್ತ ಹೋಗಿ. ಓದು ಬರಹ ಬಲ್ಲ ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಎರಡು ವರ್ಷ ಬರೆದರೆ ನಿಮ್ಮ ಹಿಂಡಿಗೆ ಯಾವ ತಿಂಗಳಲ್ಲಿ ಯಾವ ಕಾಯಿಲೆ ಬರುತ್ತದೆಂದು ಆ ಪುಸ್ತಕವೇ ಹೇಳುತ್ತದೆ, ಮೂರನೆಯ ವರ್ಷ ನೀವು ರೋಗಕ್ಕಿಂತ ಒಂದು ತಿಂಗಳು ಮುಂದೆ ಇರುತ್ತೀರಿ.